ಮಣಿಯುವುದು ಬೇರೆ, ಬಿಟ್ಟುಕೊಡುವುದು ಬೇರೆ

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಯನ್ನು ಕಾಡುವವು ದೊಡ್ಡ ಪದಗಳಲ್ಲ. ಅವುಗಳಿಗೆ ನಿಘಂಟು ಉಂಟು. ಕಾಡುವವು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡ ‘ಅಪ್’, ‘ಇನ್’ ಮೊದಲಾದ ಪುಟ್ಟ ಅವ್ಯಯಗಳು. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ಮೇಲಕ್ಕೆ ಕೊಡುವುದಲ್ಲ, ಬಿಟ್ಟುಕೊಡುವುದು. ‘ಗಿವ್ ಇನ್’ ಎಂದರೆ ಒಳಗೆ ಕೊಡುವುದಲ್ಲ, ಮಣಿಯುವುದು. ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಕನ್ನಡದಲ್ಲಿಯೇ ಓದಿ ಕಾಲೇಜಿನ ಮೆಟ್ಟಿಲೇರಿದ ಹುಡುಗನು ಇಲ್ಲಿ ತಡವರಿಸಿದರೆ ಅವನ ಬುದ್ಧಿಯನ್ನು ಹಳಿಯತಕ್ಕದ್ದಲ್ಲ.

ಅಂಥವನು ಶ್ರೀರಂಗಪಟ್ಟಣದ ಕೋಟೆಯನ್ನೊಮ್ಮೆ ನೆನೆಯಲಿ. 1792ರಲ್ಲಿ ಮುತ್ತಿಗೆಗೆ ಸಿಕ್ಕಿದ ಟಿಪ್ಪು ಸುಲ್ತಾನನು ಶತ್ರುಗಳ ಷರತ್ತಿಗೆ ಮಣಿದನು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮಣಿದದ್ದು ‘ಗಿವ್ ಇನ್’. ಒಪ್ಪಂದದಂತೆ ಸುಮಾರು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. ಅದು ‘ಗಿವ್ ಅಪ್’. 1799ರ ಮೇ 4ರಂದು ಕಂಪನಿಯ ಸೇನೆ ಕೋಟೆಗೆ ನುಗ್ಗಿದಾಗ ಅವನು ಮಣಿಯಲೂ ಇಲ್ಲ, ಹೋರಾಟವನ್ನು ಬಿಡಲೂ ಇಲ್ಲ, ಕಾದುತ್ತ ಮಡಿದನು. ಅಂದು ಎರಡು ಮಾತುಗಳೂ ಸಲ್ಲವು.

ಇವನ್ನು ಗುರುತಿಸಲು ನಮ್ಮ ವಿಭಕ್ತಿಗಳೇ ಕೀಲಿಕೈ. ‘ರಾಜ್ಯವನ್ನು’ ಎಂಬ ದ್ವಿತೀಯೆ ಬಂದಲ್ಲಿ ‘ಗಿವ್ ಅಪ್’. ‘ಷರತ್ತಿಗೆ’ ಎಂಬ ಚತುರ್ಥಿ ಬಂದಲ್ಲಿ ‘ಗಿವ್ ಇನ್ ಟು’. ಫ್ರೆಂಚ್ ಸೈನಿಕರ ಬೀಡಿನಿಂದ ಬಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರನ್ನು ಪಾಂಡವಪುರವು ತೊರೆಯಿತು ಎನ್ನುವಲ್ಲಿ ‘ಗಿವ್ ಅಪ್’ ಸರಿ. ಆ ಹೆಸರಿಗೆ ಬದಲಾಗಿ ‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆ ಕೂರಬೇಕು: ‘ಗಿವ್ ಇಟ್ ಅಪ್’. ‘ಗಿವ್ ಅಪ್ ಇಟ್’ ಎಂದರೆ ತಪ್ಪು. ಕರ್ಮಪದವಿಲ್ಲದೆ ಬರಿದೇ ‘ಗಿವ್ ಅಪ್’ ಎಂದರೆ ಕೈಚೆಲ್ಲಿ ಕೂರುವುದು ಎಂದೂ ಅರ್ಥವಾದೀತು.

ಇದು ಇಂಗ್ಲಿಷಿನೊಂದರ ವೈಚಿತ್ರ್ಯವೇನೂ ಅಲ್ಲ. ‘ಗೆಳೆಯ ಕೈಕೊಟ್ಟ’ ಎಂಬ ಮಾತನ್ನು ಕೇಳಿದ ಪರದೇಶಿಯು, ಪಾಪ, ಅವನು ನೆರವಾದನೆಂದೇ ತಿಳಿದಾನು! ನಿತ್ಯವೂ ಇಂಥ ಮಾತುಗಳನ್ನಾಡುವ ಹುಡುಗನಿಗೆ ‘ಗಿವ್ ಅಪ್’ ಕೇವಲ ಅಪರಿಚಿತ, ಅಸಾಧ್ಯವಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರು ಇಂಗ್ಲಿಷ್ ಅಧ್ಯಾಪಕರಾಗಿ ಬಾಳಿ, ಕನ್ನಡ ಪ್ರಬಂಧವನ್ನು ಬೆಳಗಿದರು. ಹಳ್ಳಿಗೂ ಇಂಗ್ಲಿಷಿಗೂ ಹಗೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಪರೀಕ್ಷೆಯಲ್ಲಿ ಒಮ್ಮೆ ಎಡವಿದವನು ತಪ್ಪನ್ನು ಬಿಡಲಿ, ಓದನ್ನು ಬಿಡದಿರಲಿ. ಮೊದಲನೆಯದೂ ‘ಗಿವ್ ಅಪ್’, ಎರಡನೆಯದೂ ‘ಗಿವ್ ಅಪ್’. ಯಾವುದನ್ನು ಬಿಡಬೇಕೆಂಬ ವಿವೇಕವನ್ನು ಮಾತ್ರ ಯಾವ ನಿಘಂಟೂ ಹೇಳಿಕೊಡಲಾರದು.