ಸಮುದ್ರ ಸೇರುವ ನೀರು ಪೋಲೇ? ಸೈಕಲ್ ಮೇಲೆ ಹೋಗಿ ನೋಡೋಣ

ಬೇಸಿಗೆ ಬಂತೆಂದರೆ ನಮ್ಮ ಹೊಂಬಳದ ಕಟ್ಟೆ ಮೇಲೆ ಒಂದು ಮಾತು ಖಾಯಂ. "ಆ ಕಡೆ ಕಾರವಾರ ಜಿಲ್ಲಾದಾಗ ಹೊಳಿ ನೀರೆಲ್ಲಾ ಸುಮ್ಮನ ಸಮುದ್ರಕ್ಕ ಹೋಗಿ ಪೋಲಾಗ್ತದ. ಈ ಕಡೆ ತಿರುಗಿಸಿದ್ರ ನಮ್ಮ ಹೊಲಾನೂ ಹಸಿರಾಗ್ತಾವ."

ನಾವೂ ಈ ಮಾತು ಕೇಳುತ್ತ, ಆಡುತ್ತ ಬೆಳೆದವರು. ಬೇಡ್ತಿ ನದಿಯ ನೀರನ್ನು ವರದಾ ನದಿಗೆ ತಂದು, ಅಲ್ಲಿಂದ ತುಂಗಭದ್ರೆಗೆ ಸೇರಿಸುವ ಯೋಜನೆಯ ಸುದ್ದಿ ಬರೆದವರೂ ಹೌದು. ಹಾವೇರಿ, ಗದಗ ಕಡೆ ಅದು ಬೇಕೆಂದು ಕೂಗು. ಸಿರಸಿ, ಯಲ್ಲಾಪುರ ಕಡೆ ಬೇಡವೆಂದು ಕೂಗು. ಎರಡೂ ಕಡೆ ಕೂಗುವವರಲ್ಲಿ ಇನ್ನೊಬ್ಬರ ಊರು ನೋಡಿದವರು ಎಷ್ಟು ಮಂದಿ?

ಅದಕ್ಕೇ ಈ ಚಳಿಗಾಲಕ್ಕೆ ನಮ್ಮದೊಂದು ಸಲಹೆ. ಒಂದು ದಿನ ತೆಗೆದಿಡಿ. ಸೈಕಲ್ ಮೇಲೆ ಒಂದು ಅಳಿವೆಯ ದಂಡೆ ನೋಡಿ ಬನ್ನಿ. ಆಮೇಲೆ ಪೋಲು ನೀರಿನ ಮಾತಾಡೋಣ.

ಅಳಿವೆ ಅಂದರೆ ಹೊಳೆ ಸಮುದ್ರ ಸೇರುವ ಜಾಗ. ಸಿಹಿನೀರು, ಉಪ್ಪುನೀರು ಕಲೆಯುವ ಜಾಗ. ನಮ್ಮ ಮಲಪ್ರಭಾ, ತುಂಗಭದ್ರಾ ಎರಡೂ ಮೂಡಣಕ್ಕೆ ಹರಿದು ಕೃಷ್ಣೆ ಸೇರುತ್ತವೆ. ಹಾಗಾಗಿ ಅಳಿವೆ ಎಂಬುದು ನಮ್ಮ ಕಣ್ಣಿಗೆ ಬಿದ್ದದ್ದೇ ಇಲ್ಲ.

ಬೇಡ್ತಿಗೆ ಕೆಳಗೆ ಗಂಗಾವಳಿ ಎಂದು ಹೆಸರು. ಅದು ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ. ನಾವು ಹೇಳುತ್ತಿರುವುದು ದಕ್ಷಿಣಕ್ಕಿರುವ ಅದರ ನೆರೆಯ ಹೊಳೆ, ಅಘನಾಶಿನಿ. ಸಿರಸಿ ಭಾಗದಲ್ಲಿ ಹುಟ್ಟಿ ಸುಮಾರು 120 ಕಿ.ಮೀ. ಹರಿಯುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಸಮುದ್ರದವರೆಗೂ ತಡೆಯಿಲ್ಲದೆ ಬರುವ ಹೊಳೆ ಏನು ಮಾಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಹೋಗಿದ್ದೆವು. ಕರಾವಳಿಗೆ ಉಳ್ಳಾಗಡ್ಡಿ ಒಯ್ಯುವ ಪರಿಚಯದ ಗಾಡಿಯಲ್ಲಿ ಸೈಕಲ್ ಹಾಕಿ, ಕುಮಟಾದಲ್ಲಿ ಇಳಿದೆವು. ತಯಾರಿ ಜೋರಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪಂಪು, ಪಂಕ್ಚರ್ ಸಾಮಾನು, ಎಲ್ಲ ಇತ್ತು. ಒಂದೇ ಮರೆತಿದ್ದೆವು: ನೀರಿನ ವೇಳೆ.

ಬಾಡ, ಕಾಗಾಲ ದಾಟಿ ದಂಡೆಗೆ ಬಂದಾಗ ಎಲ್ಲಿ ನೋಡಿದರೂ ನೀರು. ಚಂದ ಇತ್ತು, ಫೋಟೊ ತೆಗೆದೆವು. ಆದರೆ ಬಳಚು ಹೆಕ್ಕುವವರನ್ನು ನೋಡಬೇಕೆಂದು ಬಂದಿದ್ದೆವು, ಒಬ್ಬರೂ ಇರಲಿಲ್ಲ. ದಂಡೆಯಲ್ಲಿ ಬುಟ್ಟಿ ತೊಳೆಯುತ್ತಿದ್ದ ಒಬ್ಬ ಹಿರಿಯ ಹೆಣ್ಣುಮಗಳನ್ನು "ಅಕ್ಕಾರ, ಬಳಚು ಎಲ್ಲಿ ತಗೀತಾರ್ರೀ?" ಎಂದು ಕೇಳಿದೆವು. ಅವರು ನಕ್ಕರು. "ತಮಾ, ಈಗ ಭರತ ಬಂತು. ನೀರು ಇಳಿದಾಗ ಬರ್ಬೇಕಾಗಿತ್ತು. ನೀವು ನಿಂತು ನೋಡ್ತಿದ್ದೀರಲ್ಲ, ಅದೇ ನಮ್ಮ ಗದ್ದೆ."

ನೀರು ತುಂಬಿದ ಜಾಗ ತೋರಿಸಿ 'ನಮ್ಮ ಗದ್ದೆ' ಅಂದರು. ಆ ಮಾತು ಇನ್ನೂ ನಮ್ಮ ತಲೆಯಿಂದ ಹೋಗಿಲ್ಲ.

ನಮ್ಮ ತಪ್ಪು ನೀವು ಮಾಡಬೇಡಿ. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಯಿಂದ ಇಳಿತಕ್ಕೆ ಸುಮಾರು ಆರು ತಾಸು. ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಬೆಳಿಗ್ಗೆ 8ಕ್ಕೆ ಇಳಿತ ಇದ್ದರೆ ನಾಳೆ 8.50ರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಹೆಚ್ಚು. ಅಷ್ಟಮಿ ಹೊತ್ತಿಗೆ ಕಡಿಮೆ. ಫೋನಿನಲ್ಲಿ ಕಾರವಾರದ ಉಬ್ಬರ ಇಳಿತದ ವೇಳೆ ಸಿಗುತ್ತದೆ. ಅದನ್ನು ನೋಡಿ ದಿನ ಗೊತ್ತು ಮಾಡಿ, ಆಮೇಲೆ ಬಸ್ಸಿನ ವೇಳೆ ನೋಡಿ.

ದಾರಿ ಹೀಗೆ. ಕುಮಟಾದಿಂದ ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹತ್ತು ಕಿ.ಮೀ. ಸುಮಾರು. ಅಲ್ಲಿಂದ ದೋಣಿಯಲ್ಲಿ ಆಚೆ ದಂಡೆಯ ತದಡಿಗೆ. ದೋಣಿಯ ವೇಳೆ, ಸೈಕಲ್ ಹತ್ತಿಸುತ್ತಾರೋ ಇಲ್ಲವೋ ಎಂಬುದನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ತದಡಿ ಬಂದರು ನೋಡಿ, ಸಾಣಿಕಟ್ಟಾದ ಉಪ್ಪಿನಾಗರ ನೋಡಿ. ಉಪ್ಪು ತೆಗೆಯುವುದು ಬೇಸಿಗೆಯಲ್ಲಾದರೂ ಮಡಿಗಳು ಹೇಗಿವೆ ಎಂದು ಯಾವಾಗಲೂ ನೋಡಬಹುದು. ಮಾದನಗೇರಿಗೆ ಬಂದು, ಮಿರ್ಜಾನ ಕೋಟೆ ನೋಡಿ, ದೀವಗಿ ಸೇತುವೆ ದಾಟಿದರೆ ಮತ್ತೆ ಕುಮಟಾ. ಒಟ್ಟು 40ರಿಂದ 50 ಕಿ.ಮೀ. ಆದರೆ ಮಾದನಗೇರಿಯಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66, ಲಾರಿಗಳ ಓಡಾಟ. ಹುಡುಗರು ಜೊತೆಗಿದ್ದರೆ ತದಡಿಯಿಂದ ಅದೇ ದೋಣಿಯಲ್ಲಿ ತಿರುಗಿ ಬನ್ನಿ. ಮಳೆಗಾಲದಲ್ಲಂತೂ ಬೇಡವೇ ಬೇಡ. 2024ರ ಜುಲೈನಲ್ಲಿ ಇದೇ ಹೆದ್ದಾರಿಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ.

ಸೈಕಲ್ಲೇ ಯಾಕೆ, ಟೆಂಪೊ ಮಾಡಿಕೊಂಡು ಹೋದರಾಗದೇ? ಟೆಂಪೊದಲ್ಲಿ ಹೋದವರಿಗೆ ಕಾಣುವುದು ಗುಡಿ, ಬೀಚು, ಖಾನಾವಳಿ. ಸೈಕಲ್ ಮೇಲೆ ಹೋದವರು ಏರು ಬಂದಲ್ಲಿ ಇಳಿಯುತ್ತಾರೆ, ನೀರು ಕೇಳುತ್ತಾರೆ, ಮಾತಾಡಿಸುತ್ತಾರೆ. ಗಜನಿ ಭೂಮಿ ಎಂದರೇನು ಎಂದು ನಮಗೆ ಗೊತ್ತಾದದ್ದು ಹಾಗೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಜೋರಾಗಿ ಬಂದು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಾಳುವ ತಳಿ ಅದು. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ನೀರಿಳಿದಾಗ ಬಳಚು ಹೆಕ್ಕಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಇದೆಲ್ಲ ನಡೆಯುವುದು ಹೊಳೆ ನೀರು ಸಮುದ್ರಕ್ಕೆ ಬರುವುದರಿಂದ. ನಾವು ಪೋಲು ಅಂದದ್ದು ಅವರ ಹಂಗಾಮು.

ಹಾಗಂತ ನಮ್ಮ ಬಾಯಾರಿಕೆ ಸುಳ್ಳಲ್ಲ. ಗದಗ-ಬೆಟಗೇರಿಯಲ್ಲಿ ನಳಕ್ಕೆ ದಿನಗಟ್ಟಲೆ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೀರು ಕೇಳುವ ಹಕ್ಕು ನಮಗಿದೆ. ಆದರೆ ಕೇಳುವಾಗ 'ನಿಮ್ಮ ನೀರು ಪೋಲಾಗುತ್ತಿದೆ, ಕೊಡಿ' ಎನ್ನುವುದು ಬೇರೆ. 'ನಿಮ್ಮ ಗದ್ದೆ, ಬಳಚಿಗೆ ಎಷ್ಟು ಬೇಕು, ಅದು ಬಿಟ್ಟು ಏನಾದರೂ ಉಳಿಯುತ್ತದೆಯೇ' ಎಂದು ಕೇಳುವುದು ಬೇರೆ. ಎರಡನೆಯದನ್ನು ಕೇಳಲು ಆ ದಂಡೆ ಕಂಡಿರಬೇಕು.

ಇನ್ನೊಂದು ಮಾತು. 2024ರ ಜನವರಿ 31ರಂದು ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಅದೇ ದಿನ, ಅದೇ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ನಮ್ಮದೇ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಅಳಿವೆ 4,801 ಹೆಕ್ಟೇರ್, ನಮ್ಮ ಕೆರೆ ಬರೀ 54. ಆದರೂ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಚಳಿಗಾಲಕ್ಕೆ ಇಲ್ಲಿಗೇ ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆಯ ನೀರಿಗೆ ಯಾರಾದರೂ ಹೊರಗಿನವರು ಬಂದು 'ಇದು ಸುಮ್ಮನೆ ನಿಂತಿದೆ' ಅಂದರೆ ಮಾಗಡಿಯವರು ಸುಮ್ಮನಿರುತ್ತಾರೆಯೇ?

ಹಾಗಾಗಿ ರೂಢಿಗೆ ಮೊದಲು ಮಾಗಡಿ. ಗದಗಿನಿಂದ 26 ಕಿ.ಮೀ., ಹೋಗಿ ಬಂದರೆ 50ರ ಮೇಲೆ. ಹೊಂಬಳದವರು ಗದಗಿನ ತನಕದ ದಾರಿಯನ್ನೂ ಕೂಡಿಸಿಕೊಳ್ಳಬೇಕು. ಅಷ್ಟು ತುಳಿದು ಬಂದರೆ ಅಘನಾಶಿನಿಗೆ ನೀವು ತಯಾರು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಹೈಸ್ಕೂಲಿನ ಪ್ರವಾಸಗಳಲ್ಲಿ ಏಳು ಊರು ಸುತ್ತಿಸುವ ಬದಲು ಒಂದು ವರ್ಷ ಮಾಗಡಿ, ಒಂದು ವರ್ಷ ಅಳಿವೆ ಎಂದು ಇಟ್ಟುಕೊಳ್ಳಲಿ. ಸರ್ಕಾರಿ ಬಸ್ಸಿನಲ್ಲಿ ಸೈಕಲ್ ಒಯ್ಯಲು ಜಾಗ, ಗೊತ್ತಾದ ದರ ಇರಲಿ. ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು ಕುಮಟಾದ ತನಕ ಟಿಕೆಟ್ ಇಲ್ಲದೆ ಹೋಗಬಲ್ಲರು. ಅವರ ಸೈಕಲ್ ಕೂಡ ಹೋಗುವಂತಾಗಲಿ.

ಡಿಸೆಂಬರಿನಲ್ಲಿ ನಾವು ಮತ್ತೆ ಹೊರಡುತ್ತೇವೆ. ಈ ಸಲ ಇಳಿತದ ವೇಳೆ ನೋಡಿಕೊಂಡೇ. ಆ ಅಕ್ಕ ತೋರಿಸಿದ ಗದ್ದೆಯಲ್ಲಿ ಕಾಲಿಟ್ಟು ನಿಲ್ಲಬೇಕಾಗಿದೆ.