ಜಗಲಿಯ ಮಾತು: ಅಮೃತವಿಲ್ಲದ ಅಮರರು



ಕಳೆದ ಮಾಘಮಾಸದ ಒಂದು ರಾತ್ರಿ, ನಮ್ಮ ಪಂಜದ ಸಮೀಪದ ಗರಡಿಯೊಂದರಲ್ಲಿ ಬೈದರ್ಕಳ ನೇಮ ನಡೆಯಿತು. ನೆರೆಮನೆಯವರ ಸಂಗಡ ಅಲ್ಲಿಗೆ ಹೋಗಿದ್ದ ನನ್ನ ಮೊಮ್ಮಗನು ಮರುದಿನ ಬೆಳಿಗ್ಗೆ ನಿದ್ದೆಗೆಟ್ಟ ಕೆಂಗಣ್ಣುಗಳೊಡನೆ ಜಗಲಿಯನ್ನೇರಿ, ಕಾಲು ತೊಳೆಯುವ ವ್ಯವಧಾನವೂ ಇಲ್ಲದೆ, “ಅಜ್ಜ, ಕೋಟಿಚೆನ್ನಯರು ಸತ್ತುಹೋದವರಲ್ಲವೆ? ಸತ್ತವರು ದೈವಗಳಾಗುವುದು ಹೇಗೆ? ದೇವರುಗಳಾದರೆ ಅಮೃತ ಕುಡಿದವರು. ಇವರಿಗೆ ಅಮೃತ ಕೊಟ್ಟವರಾರು?” ಎಂದು ಕೇಳಿದನು. ಮೂವತ್ತಕ್ಕೂ ಮಿಕ್ಕಿದ ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೂ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. “ಮೊದಲು ಮುಖ ತೊಳೆದು ಬಾ” ಎಂದು ಒಳಗೆ ಕಳುಹಿಸಿದೆನು. ಉತ್ತರವರಿಯದ ಉಪಾಧ್ಯಾಯರ ಹಳೆಯ ಉಪಾಯವಿದು!

ಹುಡುಗನ ಪ್ರಶ್ನೆ ಚಿಕ್ಕದಲ್ಲ. ಸಾವಿಲ್ಲದ ಬಾಳನ್ನು ಬಯಸದ ಜನಾಂಗವೇ ಭೂಮಿಯ ಮೇಲೆ ಇಲ್ಲವೆನ್ನಬಹುದು. ನಮ್ಮ ಪುರಾಣಗಳಲ್ಲಿ ದೇವದಾನವರು ಮಂದರಪರ್ವತವನ್ನು ಕಡೆಗೋಲಾಗಿಯೂ ವಾಸುಕಿಯನ್ನು ಹಗ್ಗವಾಗಿಯೂ ಮಾಡಿಕೊಂಡು ಕ್ಷೀರಸಾಗರವನ್ನು ಕಡೆದುದು ಇದಕ್ಕಾಗಿಯೇ. ಆದರೆ ಅಮೃತದ ಕಥೆಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದುದು ಮಹಾಭಾರತದ ಆದಿಪರ್ವದಲ್ಲಿ ಬರುವ ಗರುಡನ ಕಥೆ. ತಾಯಿಯಾದ ವಿನತೆಯನ್ನು ದಾಸ್ಯದಿಂದ ಬಿಡಿಸಲೋಸುಗ ಅವನು ದೇವಲೋಕದಿಂದ ಅಮೃತವನ್ನು ಹೊತ್ತು ತಂದನು. ಕೈಯಲ್ಲಿದ್ದರೂ ಒಂದು ಬಿಂದುವನ್ನಾದರೂ ತಾನು ಕುಡಿಯಲಿಲ್ಲ. ಆ ನಿಸ್ಪೃಹತೆಗೆ ಮೆಚ್ಚಿದ ವಿಷ್ಣುವಿನಿಂದ, ಅಮೃತವಿಲ್ಲದೆಯೇ ಜರಾಮರಣಗಳಿಂದ ದೂರನಾಗುವ ವರವನ್ನು ಪಡೆದನು. ದರ್ಭೆಯ ಮೇಲೆ ಇರಿಸಿದ ಅಮೃತವನ್ನು ಇಂದ್ರನು ಅಪಹರಿಸಿದ ಮೇಲೆ, ಸರ್ಪಗಳು ಆಸೆಯಿಂದ ಬರಿಯ ದರ್ಭೆಯನ್ನೇ ನೆಕ್ಕಿ ನಾಲಗೆಯನ್ನು ಸೀಳಿಕೊಂಡವು. ಬಯಸಿದವರಿಗೆ ಸೀಳಿದ ನಾಲಗೆ ದೊರೆಯಿತು. ಬಯಸದವನಿಗೆ ಅಮರತ್ವ ದೊರೆಯಿತು.

ಇದೇ ಹಾವು ಇನ್ನೊಂದು ದೇಶದ ಕಥೆಯಲ್ಲಿಯೂ ತಲೆಯೆತ್ತುವುದನ್ನು ನೋಡಿರಿ. ಟೈಗ್ರಿಸ್ ಯೂಫ್ರೆಟೀಸ್ ನದಿಗಳ ನಡುವಣ ಪುರಾತನ ನಾಡಿನಲ್ಲಿ, ಊರುಕ್ ಪಟ್ಟಣದ ಅರಸನಾದ ಗಿಲ್ಗಮೇಶನ ಕಥೆಯನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿರಿಸಿದ್ದರು. ನಿನೆವೆಯ ಅವಶೇಷಗಳಲ್ಲಿ ದೊರೆತ ಅಂತಹ ಹಲಗೆಗಳಲ್ಲೊಂದನ್ನು ಜಾರ್ಜ್ ಸ್ಮಿತ್ ಎಂಬ ವಿದ್ವಾಂಸನು ಲಂಡನ್ನಿನಲ್ಲಿ ಓದಿ, ಅದರಲ್ಲಿದ್ದ ಜಲಪ್ರಳಯದ ವೃತ್ತಾಂತವನ್ನು 1872ರಲ್ಲಿ ಪ್ರಕಟಪಡಿಸಿದನು. ಗಿಲ್ಗಮೇಶನು ಮಹಾಶೂರ, ಪ್ರಾಣಮಿತ್ರನಾದ ಎಂಕಿಡುವು ಕಣ್ಣೆದುರಿನಲ್ಲಿಯೇ ತೀರಿಕೊಳ್ಳುವ ತನಕ ಸಾವೆಂದರೇನೆಂದು ಅವನು ಚಿಂತಿಸಿದವನಲ್ಲ. ಆಮೇಲೆ ಭಯಗ್ರಸ್ತನಾಗಿ, ಪ್ರಳಯದಲ್ಲಿ ಉಳಿದು ಅಮರನಾಗಿದ್ದ ಉತ್ನಪಿಷ್ಟಿಮನನ್ನು ಹುಡುಕಿಕೊಂಡು ಭೂಮಿಯ ಕೊನೆಗೆ ಹೋದನು. ಆರು ಹಗಲು ಏಳು ರಾತ್ರಿ ಎಚ್ಚರವಿರು ನೋಡೋಣ ಎಂದನು ಆ ವೃದ್ಧ. ಕುಳಿತಲ್ಲಿಯೇ ಅರಸನು ನಿದ್ದೆಹೋದನು. ನಿದ್ದೆಯನ್ನೇ ಗೆಲ್ಲಲಾರದವನು ಸಾವನ್ನು ಗೆಲ್ಲುವುದೆಂತು? ಕಡೆಗೆ ನೀರಿನಾಳದಿಂದ ಯೌವನವನ್ನು ಮರಳಿ ಕೊಡುವ ಗಿಡವೊಂದನ್ನು ಕಿತ್ತು ತಂದನು. ದಾರಿಯಲ್ಲಿ ತಣ್ಣನೆಯ ಕೊಳದಲ್ಲಿ ಮೀಯುತ್ತಿರುವಾಗ ಹಾವೊಂದು ಬಂದು ಗಿಡವನ್ನು ಒಯ್ದು ಪೊರೆ ಕಳಚಿತು. ಅರಸನು ಬರಿಗೈಯಲ್ಲಿ ಊರಿಗೆ ಹಿಂತಿರುಗಿ, ಜೊತೆಗೆ ಬಂದ ಅಂಬಿಗನಿಗೆ ತನ್ನ ಪಟ್ಟಣದ ಕೋಟೆಗೋಡೆಯನ್ನು ತೋರಿಸಿದನು. ಕಥೆಯ ಪ್ರಯಾಣವು ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಸಾವು ಬಾರದಿರುವುದೇ ಸೌಭಾಗ್ಯವೆಂದು ನಮ್ಮ ಹಿರಿಯರು ತಿಳಿಯಲಿಲ್ಲ. ಅಶ್ವತ್ಥಾಮನೂ ಚಿರಂಜೀವಿಯೇ. ಆದರೆ ಮಲಗಿದ್ದವರನ್ನು ಕೊಂದು, ಗರ್ಭಸ್ಥ ಶಿಶುವಿನ ಮೇಲೂ ಅಸ್ತ್ರವನ್ನು ಬಿಟ್ಟ ಅವನಿಗೆ ಮೂರು ಸಾವಿರ ವರ್ಷ ಒಂಟಿಯಾಗಿ, ಮಾತನಾಡಿಸುವವರಿಲ್ಲದೆ, ಕೀವುರಕ್ತಗಳ ದುರ್ಗಂಧದೊಡನೆ ಅಲೆಯಬೇಕಾದ ಶಾಪ ಬಂದಿತು. ಒಡನಾಡಿಗಳಿಲ್ಲದ ದೀರ್ಘಾಯುಷ್ಯವು ವರವಲ್ಲ, ದಂಡನೆ. ಇತ್ತ ಬಾಲಕನಾದ ನಚಿಕೇತನು, ಯಮನೇ ದೀರ್ಘಾಯುಷ್ಯವನ್ನೂ ಆನೆಕುದುರೆಗಳನ್ನೂ ಕೊಡುವೆನೆಂದರೂ ಬೇಡವೆಂದು, ಮರಣದ ರಹಸ್ಯವನ್ನೇ ತಿಳಿಸೆಂದು ಹಟ ಹಿಡಿದನು.

ಇನ್ನು ನಮ್ಮ ವೀರರ ಮಾತಿಗೆ ಬರೋಣ. ಕೋಟಿಚೆನ್ನಯರ ಕಥೆಯನ್ನು ತುಳುವ ಪಾಡ್ದನಗಳು ಹಾಡುತ್ತವೆ. ಪಂಜೆ ಮಂಗೇಶರಾಯರು ಅದನ್ನು ಸೊಗಸಾದ ಕನ್ನಡ ಗದ್ಯದಲ್ಲಿ ಹೇಳಿದರು. ಪಾಠಾಂತರಗಳು ಹಲವಿದ್ದರೂ ಕಥೆಯ ಬೆನ್ನೆಲುಬು ಒಂದೇ. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿನ ವಿಷವ್ರಣವನ್ನು ದೇಯಿ ಬೈದೆತಿಯು ಮದ್ದು ಮಾಡಿ ಗುಣಪಡಿಸಿದಳು. ಅವಳಿಗೆ ಅವಳಿ ಮಕ್ಕಳು ಹುಟ್ಟಿದರು. ತಾಯಿ ಬಹುಕಾಲ ಬದುಕಲಿಲ್ಲ. ಮಕ್ಕಳನ್ನು ಸಾಯನ ಬೈದ್ಯನು ಸಾಕಿದನು. ಗದ್ದೆಯಂಚಿನಲ್ಲಿ ಹುಟ್ಟಿದ ಜಗಳವೊಂದು ಬೆಳೆದು, ಬಲ್ಲಾಳನ ಮಂತ್ರಿಯಾದ ಬುದ್ಯಂತನು ಇವರ ಕೈಯಲ್ಲಿ ಹತನಾದನು. ಬಲ್ಲಾಳನಲ್ಲಿ ತಮಗೆ ಸಲ್ಲಬೇಕಾದುದನ್ನು ಬೇಡಿ, ಸಿಕ್ಕದೆ, ಅಣ್ಣತಮ್ಮಂದಿರು ಹುಟ್ಟಿದೂರನ್ನು ಬಿಟ್ಟು ಪಂಜಕ್ಕೆ ಬಂದರು.

ಪಂಜದವನಾದ ನಾನು ಇಲ್ಲಿ ಸ್ವಲ್ಪ ತಲೆತಗ್ಗಿಸಬೇಕಾಗುತ್ತದೆ. ಕಥೆಯಲ್ಲಿ ನಮ್ಮೂರಿನ ಪಾತ್ರ ಎರಡು ಬಗೆಯದು. ಪಯ್ಯ ಬೈದ್ಯನ ಮನೆಯಲ್ಲಿ ಅವರ ಅಕ್ಕ ಕಿನ್ನಿದಾರು ಇದ್ದಳು. ಅಪರಿಚಿತರಾಗಿ ಬಂದ ತಮ್ಮಂದಿರನ್ನು ಗುರುತು ಹಿಡಿದು ಅಪ್ಪಿಕೊಂಡಳು. ಆದರೆ ಪಂಜದ ಕೇಮರ ಬಲ್ಲಾಳನು, ಚಂದುಗಿಡಿಯ ದುರ್ಬೋಧನೆಗೆ ಕಿವಿಗೊಟ್ಟು, ಆಶ್ರಯ ಬಯಸಿದವರನ್ನು ಮೋಸದಿಂದ ಸೆರೆಹಿಡಿಸಿದನು. ಸೆರೆಯಿಂದ ತಪ್ಪಿಸಿಕೊಂಡ ವೀರರಿಗೆ ನೆಲವನ್ನೂ ನೆರಳನ್ನೂ ಕೊಟ್ಟವನು ಎಣ್ಮೂರಿನ ದೇವ ಬಲ್ಲಾಳ. ಬೇಟೆಯ ಹಂದಿಯೊಂದು ಯಾರ ಸೀಮೆಗೆ ಸೇರಿದುದೆಂಬ ವಿವಾದದಿಂದ ಪಂಜಕ್ಕೂ ಎಣ್ಮೂರಿಗೂ ಯುದ್ಧವಾಯಿತು. ಪಡುಮಲೆಯೂ ಬಂದು ಕೂಡಿಕೊಂಡಿತು. ಯಾವ ಬಲ್ಲಾಳನನ್ನು ತಾಯಿ ಬದುಕಿಸಿದ್ದಳೋ ಅವನ ಬಾಣವೇ ಮಗನಾದ ಕೋಟಿಗೆ ತಗುಲಿತು. ಸಾಯುವ ಮುನ್ನ ಅವನು, ಬಲ್ಲಾಳರೊಳಗೆ ಇನ್ನು ವೈರವಿರಬಾರದೆಂದು ಕೇಳಿಕೊಂಡನೆಂದು ಹೇಳುವುದುಂಟು. ಅಣ್ಣನು ಹೋದ ಮೇಲೆ ಚೆನ್ನಯನು, ತನಗೆ ಗಾಯವಿಲ್ಲದಿದ್ದರೂ ಬದುಕಲೊಲ್ಲದೆ, ಕಲ್ಲಿಗೆ ತಲೆಯನ್ನು ಅಪ್ಪಳಿಸಿಕೊಂಡು ಪ್ರಾಣಬಿಟ್ಟನು.

ಗ್ರೀಕರ ಪುರಾಣದಲ್ಲಿ ಇಂತಹುದೇ ಜೋಡಿಯೊಂದುಂಟು. ಕ್ಯಾಸ್ಟರ್, ಪೊಲಕ್ಸ್ ಎಂಬ ಅವಳಿಗಳಲ್ಲಿ ಮೊದಲನೆಯವನು ಮರ್ತ್ಯ, ಎರಡನೆಯವನು ಅಮರ. ಅಲ್ಲಿಯೂ ಜಗಳ ಹುಟ್ಟಿದುದು ಪ್ರಾಣಿಗಳಿಗಾಗಿಯೇ. ದನಗಳ ಪಾಲಿನ ವಿವಾದದಲ್ಲಿ ಕ್ಯಾಸ್ಟರನು ಮಡಿದನು. ಸೋದರನಿಲ್ಲದ ಅಮರತ್ವ ಬೇಡವೆಂದು ಪೊಲಕ್ಸನು ತನ್ನ ತಂದೆಯಾದ ದೇವರಾಜನಲ್ಲಿ ಮೊರೆಯಿಟ್ಟು, ತನ್ನ ಪಾಲಿನಲ್ಲಿ ಅರ್ಧವನ್ನು ಅವನಿಗಿತ್ತನು. ಅಂದಿನಿಂದ ಇಬ್ಬರೂ ಒಂದು ದಿನ ಪಾತಾಳದಲ್ಲಿ, ಒಂದು ದಿನ ದೇವಲೋಕದಲ್ಲಿ. ಮಾಘದ ರಾತ್ರಿ ಅಂಗಳದಲ್ಲಿ ನಿಂತು ನೆತ್ತಿಯ ಕಡೆ ನೋಡಿದರೆ ಮಿಥುನರಾಶಿಯಲ್ಲಿ ಹೊಳೆಯುವ ಎರಡು ತಾರೆಗಳು ಕಾಣುತ್ತವೆ. ಪಾಶ್ಚಾತ್ಯರು ಅವುಗಳಿಗೆ ಈ ಸೋದರರ ಹೆಸರನ್ನೇ ಇಟ್ಟಿದ್ದಾರೆ. ನಮಗೆ ಅದೇ ಪುನರ್ವಸು ನಕ್ಷತ್ರ. ಸಂಸ್ಕೃತದಲ್ಲಿ ಇದು ಸಾಮಾನ್ಯವಾಗಿ ದ್ವಿವಚನದ ಶಬ್ದ. ಏಕವಚನವು ವೇದಭಾಷೆಗೆ ಮಾತ್ರವೆಂದು ಪಾಣಿನಿಯು ಬೇರೆಯೇ ಒಂದು ಸೂತ್ರವನ್ನು ಮಾಡಿದ್ದಾನೆ. ಕನ್ನಡದಲ್ಲಿ ದ್ವಿವಚನವಿಲ್ಲ, ಆದರೂ ‘ಕೋಟಿಚೆನ್ನಯ’ ಎಂಬಲ್ಲಿ ನಮ್ಮ ಜನರು ಒಂದೇ ಉಸಿರಿನಲ್ಲಿ ಅದನ್ನು ಸಾಧಿಸಿಕೊಂಡಿದ್ದಾರೆ.

ಹಾಗಾದರೆ ಇವರ ಅಮೃತ ಯಾವುದು? ರಘುವಂಶದಲ್ಲಿ ದಿಲೀಪನು ಸಿಂಹದೊಡನೆ, ತನ್ನ ಮಾಂಸದ ದೇಹಕ್ಕಿಂತ ಯಶಶ್ಶರೀರದ ಮೇಲೆ ದಯೆ ತೋರಬೇಕೆಂದು ಬೇಡುತ್ತಾನೆ. ಕೀರ್ತಿಯೂ ಒಂದು ಶರೀರವೆಂಬುದು ಕಾಳಿದಾಸನ ಭಾವ. ಆದರೆ ಶರೀರವೆಂದ ಮೇಲೆ ಅದಕ್ಕೆ ಆಹಾರ ಬೇಡವೆ? ಘಟ್ಟದ ಮೇಲಣ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಇಂದಿಗೂ ಎಷ್ಟೋ ಕಲ್ಲುಗಳು ಬೇಲಿಯ ಬದಿಯಲ್ಲಿ ಮೌನವಾಗಿ ನಿಂತಿವೆ. ಅಲ್ಲಿ ನಿಂತವನ ಹೆಸರು ಊರವರಿಗೇ ತಿಳಿಯದು. ತುಳುನಾಡಿನಲ್ಲಿಯಾದರೋ ಅರವತ್ತಾರು ಗರಡಿಗಳೆಂಬುದು ಜನವಾಡಿಕೆ. ನೇಮದಲ್ಲಿ ಪಾತ್ರಿಗಳು ಸುರಿಯವನ್ನು ಎದೆಗೊತ್ತಿ ನಿಲ್ಲುವಾಗ ಆ ಮರಣವು ಮತ್ತೆ ನಮ್ಮೆದುರಿಗೆ ನಡೆಯುತ್ತದೆ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಪಾಡ್ದನವು ಬಾಳಿ ಬಂದಿತು. ಮ್ಯಾನರ್ ಎಂಬ ಪಾದ್ರಿಗಳು 1886ರಲ್ಲಿಯೇ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚುಹಾಕಿಸಿದರು. 1973ರಲ್ಲಿ ಕೋಟಿಚೆನ್ನಯರ ಕಥೆ ಚಲಚ್ಚಿತ್ರವೂ ಆಯಿತು. ಆದರೆ ಇಂದು ನಮ್ಮ ಸುತ್ತಿನ ಗದ್ದೆಗಳು ಬಹುಮಟ್ಟಿಗೆ ಅಡಕೆಯ ತೋಟಗಳಾಗಿವೆ. ನೇಜಿಯೇ ಇಲ್ಲದಲ್ಲಿ ನೇಜಿಯ ಹಾಡು ಎಲ್ಲಿಯದು? ಪುಸ್ತಕದಲ್ಲಿರುವುದು ಉಳಿದೀತು, ಬಾಯಲ್ಲಿದ್ದುದರ ಧಾಟಿ ಉಳಿಯುವುದೆ?

ಇಷ್ಟನ್ನು ಬರೆಯುವಾಗ ನನ್ನ ಮನಸ್ಸು ಬೇರೊಂದು ಕಡೆಗೆ ಹರಿಯುತ್ತಿದೆ. ಅದನ್ನು ಮರೆಮಾಡಿದರೆ ಈ ಲೇಖನ ಸುಳ್ಳಾದೀತು. ನನಗೊಬ್ಬ ತಮ್ಮನಿದ್ದನು. ಬಾಲ್ಯದಲ್ಲಿ ನಮ್ಮ ತಾಯಿ ಇಬ್ಬರ ಹೆಸರನ್ನೂ ಕೂಡಿಸಿ ಒಂದೇ ಹೆಸರೆಂಬಂತೆ ಕರೆಯುತ್ತಿದ್ದಳು. ಪಾಲಾದ ಮೇಲೆ, ತೋಡಿಗೆ ಹಾಕುವ ಕಟ್ಟದ ನೀರಿನ ಸರದಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಏಳು ವರ್ಷ ನಾವು ಮಾತನಾಡಲಿಲ್ಲ. ನಾನೇ ಹಿರಿಯನು, ಮೊದಲು ನಾನೇ ಹೋಗಬೇಕಾಗಿತ್ತು. ಊರ ಮಕ್ಕಳಿಗೆ ರಾಮಭರತರ ಕಥೆಯನ್ನು ಹೇಳಿದ ಬಾಯಿ ಅವನ ಅಂಗಳಕ್ಕೆ ಹೋಗಿ “ಹೇಗಿದ್ದೀಯಪ್ಪಾ?” ಎನ್ನಲಿಲ್ಲ. ಕಳೆದ ಆಷಾಢದಲ್ಲಿ ಅವನು ತೀರಿಕೊಂಡನು.

ಈ ಸಲ ಮಾರ್ಗಶಿರದಲ್ಲಿ ತಮ್ಮನ ಮಗನೂ ನಾನೂ ಕೂಡಿ ಕಟ್ಟ ಹಾಕಿದೆವು. ಮಣ್ಣು ಹೊರುವ ಬಲ ನನಗಿಲ್ಲ, ದಡದಲ್ಲಿ ಕುಳಿತೆನು. ಅವನು ಕಲ್ಲಿಡುವ ಕ್ರಮವನ್ನು ನೋಡಿ ಬೆರಗಾದೆನು. ದೊಡ್ಡ ಕಲ್ಲನ್ನು ಓರೆಯಾಗಿ ನಿಲ್ಲಿಸಿ, ಸಂದಿಗೆ ಸೊಪ್ಪು ತುರುಕಿ, ಮೇಲೆ ಮಣ್ಣು ಮೆತ್ತುವುದು. ಅದು ನನ್ನ ತಮ್ಮನದೇ ಕೈ. “ಯಾರು ಕಲಿಸಿದರು?” ಎಂದು ಕೇಳಿದೆನು. “ಅಪ್ಪ ಹೀಗೆಯೇ ಮಾಡುತ್ತಿದ್ದರು, ದೊಡ್ಡಪ್ಪ. ನೀವು ಕಲಿಸಿದ್ದೆಂದು ಹೇಳುತ್ತಿದ್ದರು” ಎಂದನು. ನಾನು ಮುಖ ತಿರುಗಿಸಿ ನೀರನ್ನು ನೋಡುತ್ತ ಕುಳಿತೆನು.

ಆ ದಿನ ಸಾಯಂಕಾಲ ಮೊಮ್ಮಗನನ್ನು ಅಂಗಳಕ್ಕೆ ಕರೆದು ಪುನರ್ವಸುವನ್ನು ತೋರಿಸಿದೆನು. “ಮಗು, ಕೋಟಿಚೆನ್ನಯರಿಗೆ ಯಾರೂ ಅಮೃತ ಕೊಡಲಿಲ್ಲ. ಅನ್ಯಾಯವಾಗಿ ಸತ್ತವರನ್ನು ಮರೆಯಲು ನಮ್ಮ ಹಿರಿಯರಿಗೆ ಮನಸ್ಸು ಬರಲಿಲ್ಲ. ಅದರಿಂದ ಅವರು ಉಳಿದರು. ನಿನ್ನೆ ನೀನು ರಾತ್ರಿಯಿಡೀ ಎಚ್ಚರವಿದ್ದೆಯಲ್ಲ, ಅದೂ ಅದರಲ್ಲಿ ಒಂದು ಪಾಲು” ಎಂದೆನು. ಅವನು ತುಸು ಯೋಚಿಸಿ, “ನಡುವೆ ಸ್ವಲ್ಪ ನಿದ್ದೆ ಬಂದಿತ್ತು ಅಜ್ಜ” ಎಂದು ಒಪ್ಪಿಕೊಂಡನು. ಗಿಲ್ಗಮೇಶನಿಗೂ ಬಂದಿತ್ತೆಂದು ಹೇಳಿ ಸಮಾಧಾನಪಡಿಸಿದೆನು.

ವಾಚಕರೇ, ನಿಮ್ಮ ಮನೆಯಲ್ಲಿ ಅಣ್ಣತಮ್ಮಂದಿರೊಳಗೆ ಮಾತು ನಿಂತಿದ್ದರೆ, ಈ ಸಂಚಿಕೆಯನ್ನು ಮಡಚಿಟ್ಟು, ಕತ್ತಲಾಗುವುದರೊಳಗೆ ಒಮ್ಮೆ ಅಂಗಳ ದಾಟಿ ಹೋಗಿ ಬನ್ನಿರಿ.