ಡಿಸ್ಚಾರ್ಜ್ ಆಯ್ತು, ಕೆಲಸಕ್ಕೆ ಮರಳುವುದು ಹೇಗೆ?

ಮಳೆಗಾಲ ಬಂತೆಂದರೆ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಬೈಕ್ ಜಾರಿಬಿದ್ದ ಸುದ್ದಿ ಒಂದಾದರೂ ಇರುತ್ತದೆ. ಕೂಡಲೇ ಯಾರೋ ಆಸ್ಪತ್ರೆಗೆ ಓಡುತ್ತಾರೆ, ಇನ್ಯಾರೋ ರಕ್ತ ಕೊಡುತ್ತಾರೆ, ಮನೆಗೆ ಸರದಿಯ ಮೇಲೆ ಊಟದ ಡಬ್ಬಿ ಹೋಗುತ್ತದೆ. ಇದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಆದರೆ ಮೂರು ತಿಂಗಳ ನಂತರ ಆ ಮನುಷ್ಯ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿ ಆಫೀಸಿಗೆ ಹೊರಟಾಗ ಏನಾಗುತ್ತದೆ ಎಂದು ವಿಚಾರಿಸುವವರು ಕಡಿಮೆ.

ಧಾರವಾಡದ ಕಡೆಯ ಗೆಳೆಯರೊಬ್ಬರು ಇಲ್ಲೇ ಹಿಂಜೇವಾಡಿಯಲ್ಲಿ ಕೆಲಸ ಮಾಡುತ್ತಾರೆ. ತೊಡೆಮೂಳೆ ಮುರಿದು ಆಪರೇಷನ್ ಆಗಿತ್ತು. ಇನ್ಶೂರೆನ್ಸ್ ಆಸ್ಪತ್ರೆಯ ಬಿಲ್ ಕಟ್ಟಿತು, ರಜೆಯೂ ಸಿಕ್ಕಿತು. ಕೆಲಸಕ್ಕೆ ಮರಳಿದ ಎರಡನೇ ವಾರ ಫೋನ್ ಮಾಡಿ ಹೇಳಿದರು: "ಡಾಕ್ಟರು ಫಿಟ್ ಅಂತ ಬರದು ಕೊಟ್ರು, ಎಚ್‌ಆರ್‌ನವರು ವೆಲ್‌ಕಮ್ ಬ್ಯಾಕ್ ಅಂದ್ರು. ಕುರ್ಚಿ ಮ್ಯಾಲೆ ಎರಡು ತಾಸು ಕುಂದ್ರಾಕ ಆಗ್ತದೋ ಇಲ್ಲೋ ಅಂತ ಯಾರೂ ಕೇಳಲಿಲ್ಲ ನೋಡ್ರಿ." ತಿಂಗಳು ತುಂಬುವುದರೊಳಗೆ ಮತ್ತೆ ರಜೆ ಹಾಕಿದರು. ಈ ಸಲ ಸಂಬಳವಿಲ್ಲದ ರಜೆ.

ವಿಚಿತ್ರವೆಂದರೆ, ಗಾಯಗೊಂಡವರನ್ನು ಮತ್ತೆ ದುಡಿಮೆಗೆ ಸಿದ್ಧಗೊಳಿಸುವ ವಿದ್ಯೆ ಪುಣೆಗೆ ಹೊಸದಲ್ಲ. ಖಡ್ಕಿಯಲ್ಲಿ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಶುರುವಾದ ಸಂಸ್ಥೆ ಅದು. ಕೃತಕ ಕಾಲು, ಕೈ ಜೋಡಿಸುವ ಸೈನ್ಯದ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ 1944ರಿಂದ ಪುಣೆಯಲ್ಲಿದೆ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಖಡ್ಕಿಯಲ್ಲೇ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ ಬಂತು. 'ಚಂದು ಚಾಂಪಿಯನ್' ಸಿನಿಮಾ ನೋಡಿದವರಿಗೆ ಮುರಳೀಕಾಂತ್ ಪೇಟ್ಕರ್ ಗೊತ್ತು. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದವರು. ಅವರು ಪುಣೆಯ ಟೆಲ್ಕೋದಲ್ಲಿ ನೌಕರಿಯನ್ನೂ ಮಾಡಿದರು. ಪದಕದ ಕತೆ ಎಲ್ಲರಿಗೂ ಗೊತ್ತು. ನನಗೆ ಆ ನೌಕರಿಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಕಾರ್ಖಾನೆಯ ಕಾರ್ಮಿಕರಿಗೆ ಇಎಸ್‌ಐ ಇದೆ. ಕೆಲಸದಲ್ಲಿ ಗಾಯವಾಗಿ ದುಡಿಯಲಾಗದಿದ್ದಷ್ಟು ಕಾಲ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಶಾಶ್ವತ ವೈಕಲ್ಯವಾದವರು ಹೊಸ ಕಸುಬು ಕಲಿಯುವಾಗ ಭತ್ಯೆಗೂ ಅವಕಾಶವಿದೆ. ಸರ್ಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಇದೆ: ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ.

ಈಗ ನಮ್ಮಂಥವರನ್ನು ನೋಡಿ. ಇಎಸ್‌ಐನ ಸಂಬಳದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಿದರೂ ಐಟಿಯವರಲ್ಲಿ ಬಹುಪಾಲು ಮಂದಿ ಅದರ ಆಚೆಗೇ ಉಳಿದರು. ನಾವು ಸೈನ್ಯದವರಲ್ಲ, ಸರ್ಕಾರಿ ನೌಕರರೂ ಅಲ್ಲ. ಕೈಯಲ್ಲಿರುವುದು ಕಂಪನಿಯ ಮೆಡಿಕ್ಲೇಮ್ ಕಾರ್ಡ್. ಅದು ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ, ಡಿಸ್ಚಾರ್ಜ್ ಆದಮೇಲೆ ಸಾಮಾನ್ಯವಾಗಿ 60 ಅಥವಾ 90 ದಿನದ ಖರ್ಚನ್ನೂ ಕೊಡುತ್ತದೆ. ಅಲ್ಲಿಂದ ಮುಂದೆ ನಮ್ಮ ಪಾಡು ನಮಗೆ. ಒಳ್ಳೆಯ ಸಂಬಳದವರಿಗೆ ಎಲ್ಲ ಇದೆ ಎಂದುಕೊಂಡ ಜಾಗದಲ್ಲೇ ಈ ದೊಡ್ಡ ತೂತು ಇದೆ.

ನಮ್ಮ ಕ್ಲೈಂಟ್‌ಗಳ ದೇಶಗಳಲ್ಲಿ ಹೇಗಿದೆ? ಬ್ರಿಟನ್ನಿನಲ್ಲಿ 2010ರಿಂದ ಡಾಕ್ಟರು ಕೊಡುವ ಚೀಟಿಯಲ್ಲಿ 'ಕೆಲಸಕ್ಕೆ ಯೋಗ್ಯರಲ್ಲ' ಎಂಬುದರ ಜೊತೆಗೆ 'ಹೀಗೆ ಮಾಡಿದರೆ ಯೋಗ್ಯರಾಗಬಹುದು' ಎಂಬ ಆಯ್ಕೆಯೂ ಇದೆ. ಹಂತಹಂತವಾಗಿ ಮರಳುವುದು, ವೇಳೆ ಬದಲಿಸುವುದು, ಕೆಲಸದ ಬಗೆ ಬದಲಿಸುವುದು, ಜಾಗವನ್ನು ಹೊಂದಿಸಿಕೊಡುವುದು, ಹೀಗೆ ನಾಲ್ಕು ದಾರಿ. ಜರ್ಮನಿಯಲ್ಲಿ ಒಂದು ವರ್ಷದೊಳಗೆ ಆರು ವಾರಕ್ಕಿಂತ ಹೆಚ್ಚು ಅನಾರೋಗ್ಯದ ರಜೆಯಾದರೆ, ಮರಳುವ ಬಗ್ಗೆ ಮಾತುಕತೆಗೆ ಕಂಪನಿಯೇ ಮುಂದಾಗಬೇಕು. ದಿನಕ್ಕೆ ಎರಡು ಗಂಟೆ, ನಾಲ್ಕು ಗಂಟೆ ಎಂದು ಏರಿಸುತ್ತಾ ಹೋಗುವ ಪದ್ಧತಿಯೂ ಅಲ್ಲಿದೆ.

ಇಲ್ಲಿ ಅಂಥ ಚೀಟಿ ಇಲ್ಲದಿದ್ದರೂ ನಾವೇ ಕೇಳಿ ಮಾಡಿಸಿಕೊಳ್ಳಬಹುದಾದದ್ದು ಸಾಕಷ್ಟಿದೆ.

ಮೊದಲು, ಮನೆಯಲ್ಲಿ ಮಲಗಿರುವಾಗಲೇ ನಿಮ್ಮ ಕೆಲಸದ ದಿನವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಗಂಟೆ ಕೂರುವುದು, ಪ್ರಯಾಣ ಎಷ್ಟು ಹೊತ್ತು, ಮೆಟ್ಟಿಲೆಷ್ಟು, ರಾತ್ರಿ ಕಾಲ್‌ಗಳೆಷ್ಟು. 'ಕಂಪ್ಯೂಟರ್ ಕೆಲಸ' ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಇದೆಲ್ಲ ತಿಳಿಯುವುದಿಲ್ಲ.

ಎರಡನೆಯದು, ಫಿಸಿಯೋಥೆರಪಿಸ್ಟ್ ಜೊತೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಫಿಸಿಯೋದವರು ಮುಖ್ಯವಾಗಿ ಕೀಲು, ಸ್ನಾಯುಗಳ ಬಲ ಮತ್ತು ಚಲನೆ ನೋಡುತ್ತಾರೆ. ಇವರು ಆ ಕೈಕಾಲಿನಿಂದ ಸ್ನಾನ, ಅಡುಗೆ, ಟೈಪಿಂಗ್, ಡ್ರೈವಿಂಗ್ ಹೇಗೆ ನಡೆಸುವುದು ಎಂದು ಕಲಿಸುತ್ತಾರೆ. ತಲೆಗೆ ಪೆಟ್ಟಾಗಿದ್ದರಂತೂ ನೆನಪು, ಗಮನ, ಸುಸ್ತು ಇವುಗಳ ಪರೀಕ್ಷೆ ಆಗಲೇಬೇಕು. ಮುರಿದ ಕಾಲು ಎಕ್ಸ್‌ರೇಯಲ್ಲಿ ಕಾಣುತ್ತದೆ. ಮೀಟಿಂಗ್ ನಡುವೆ ಮಾತು ಮರೆಯುವುದು ಕಾಣುವುದಿಲ್ಲ, ಅದನ್ನು ಮ್ಯಾನೇಜರ್ ಸೋಮಾರಿತನ ಎಂದುಕೊಳ್ಳುತ್ತಾರೆ.

ಮೂರನೆಯದು, ಬರೀ 'ಫಿಟ್' ಸರ್ಟಿಫಿಕೇಟ್ ಸಾಲದು. ಸದ್ಯ ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತಿಗೊಮ್ಮೆ ಎದ್ದು ಓಡಾಡಬೇಕು, ಮತ್ತೆ ಪರೀಕ್ಷೆ ಯಾವಾಗ ಎಂದು ಬರೆಸಿಕೊಳ್ಳಿ. ಅದನ್ನು ಲಗತ್ತಿಸಿ, ಮೊದಲ ನಾಲ್ಕು ವಾರದ ಯೋಜನೆಯನ್ನು ಎಚ್‌ಆರ್‌ಗೆ ಇಮೇಲಿನಲ್ಲಿ ಕಳಿಸಿ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. 'ಎರಡು ವಾರ ಅರ್ಧ ದಿನ, ಮನೆಯಿಂದ' ಎಂದರೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ವೈಕಲ್ಯ ಉಳಿದುಕೊಂಡರೆ ಇನ್ನೊಂದು ಮಾತು ನೆನಪಿರಲಿ: 2016ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಆ ನೀತಿಯ ಪ್ರತಿಯನ್ನು ಕೇಳಲು ಸಂಕೋಚ ಬೇಡ.

ಕೊನೆಯದಾಗಿ, ಪಾಲಿಸಿಯನ್ನು ಬಿದ್ದಮೇಲೆ ಓದುವುದಕ್ಕಿಂತ ಈ ಭಾನುವಾರವೇ ಓದುವುದು ಒಳ್ಳೆಯದು. ಕೆಲವು ವೈಯಕ್ತಿಕ ಅಪಘಾತ ಪಾಲಿಸಿಗಳಲ್ಲಿ, ಕೆಲಸ ಮಾಡಲಾಗದ ವಾರಗಳಿಗೆ ವಾರದ ಲೆಕ್ಕದಲ್ಲಿ ಹಣ ಬರುವ ಸೌಲಭ್ಯ ಇರುತ್ತದೆ. ನಿಮ್ಮದರಲ್ಲಿ ಇದೆಯೇ ನೋಡಿ.

ನಮ್ಮಲ್ಲಿ ಮ್ಯಾನೇಜರುಗಳೂ ಕಡಿಮೆಯೇನಿಲ್ಲ. ನಿಮ್ಮ ತಂಡಕ್ಕೆ ಯಾರಾದರೂ ಹೀಗೆ ಮರಳಿ ಬಂದಾಗ ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ಪಕ್ಕದಲ್ಲಿ ಕೂತು, "ಇವತ್ತು ಎಷ್ಟು ಹೊತ್ತು ಕೂರೋಕಾಗುತ್ತೆ?" ಎಂದು ಕೇಳಿ. ಉತ್ತರ ಎರಡೇ ಗಂಟೆ ಎಂದಾದರೆ, ಆ ದಿನ ಎರಡೇ ಗಂಟೆಯ ಕೆಲಸ ಕೊಡಿ.